ಅಟ್ಟದ ಮೇಲಿನ ಸಾರಥಿ, ಪರದೆಯ ಮೇಲಿನ ಕರ್ಣ

2024ರ ಜೂನ್ ಕೊನೆಗೆ ತೆರೆಕಂಡ ‘ಕಲ್ಕಿ 2898 ಎ.ಡಿ.’ ಸಿನಿಮಾ ಮುಗಿಯುವ ಹೊತ್ತಿಗೆ ಒಂದು ಗುಟ್ಟು ಒಡೆಯುತ್ತದೆ. ಅಲ್ಲಿಯವರೆಗೆ ದುಡ್ಡಿಗಾಗಿ ಮಂದಿಯನ್ನು ಹಿಡಿದುಕೊಡುತ್ತ ತಿರುಗಿದ ಭೈರವ ಬೇರೆ ಯಾರೂ ಅಲ್ಲ, ಕರ್ಣ. ನಿರ್ದೇಶಕ ನಾಗ್ ಅಶ್ವಿನ್ ಇದನ್ನು ಸುಮಾರು ಮೂರು ತಾಸು ಜತನದಿಂದ ಮುಚ್ಚಿಟ್ಟುಕೊಂಡಿದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ಬಯಲಾಟ, ಅಂದರೆ ದೊಡ್ಡಾಟದ ಲೆಕ್ಕದಲ್ಲಿ ಇಂಥ ಮುಚ್ಚುಮರೆಗೆ ಅರ್ಥವೇ ಇಲ್ಲ. ಅಲ್ಲಿ ಅಟ್ಟದ ಮೇಲೆ ಕರ್ಣ ಬಂದರೆ ಮೊದಲ ಮಾತಿಗೇ ತಾನು ಕರ್ಣನೆಂದು ಹೇಳಬೇಕು. ಹೇಳದಿದ್ದರೆ ಎದುರು ನಿಂತು ಪ್ರಶ್ನೆ ಕೇಳುವ ಸಾರಥಿ ಬಿಡುವುದಿಲ್ಲ.

ವಿಜ್ಞಾನ ಸಿನಿಮಾಗಳ ಮೇಲೆ ನಮ್ಮ ವಿಮರ್ಶಕರು ಹೊರಿಸುವ ದೊಡ್ಡ ಆರೋಪ, ಅವುಗಳ ಕಥೆ ಮೊದಲೇ ಗೊತ್ತಿರುತ್ತದೆ ಎಂಬುದು. ಮೂಲೆಯ ಊರಿನ ಹುಡುಗ, ಅವನನ್ನು ಕರೆದೊಯ್ಯುವ ಮುದುಕ, ಕಪ್ಪು ಉಡುಪಿನ ದುಷ್ಟ, ಸೆರೆಸಿಕ್ಕ ರಾಜಕುಮಾರಿ, ಕೊನೆಗೊಂದು ಸ್ಫೋಟ. 1977ರ ‘ಸ್ಟಾರ್ ವಾರ್ಸ್’ ಈ ಎರಕವನ್ನು ಜಗತ್ತಿಗೆಲ್ಲ ಹಂಚಿತು. ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್, ಪುರಾಣಗಳ ನಾಯಕರೆಲ್ಲ ಒಂದೇ ದಾರಿ ಹಿಡಿಯುತ್ತಾರೆಂದು 1949ರಲ್ಲೇ ಪುಸ್ತಕ ಬರೆದಿದ್ದ ಜೋಸೆಫ್ ಕ್ಯಾಂಪ್‌ಬೆಲ್‌ನ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವನು. ಆಮೇಲೆ ಬಂದವರು ಆ ದಾರಿಯನ್ನೇ ಚಿತ್ರಕಥೆಯ ಪಾಠವಾಗಿ ಮಾರಿದರು.

ಕಥೆ ಗೊತ್ತಿರುವುದು ದೋಷವೆಂದು ನನಗೆ ಅನಿಸಿಲ್ಲ. ದೊಡ್ಡಾಟ ನಿಂತಿರುವುದೇ ಗೊತ್ತಿರುವ ಕಥೆಯ ಮೇಲೆ. ಅಭಿಮನ್ಯು ಸಾಯುತ್ತಾನೆಂದು ತಿಳಿದೇ ಜನ ಕಂಬಳಿ ಹೊದ್ದು ಬೆಳತನಕ ಕೂಡುತ್ತಾರೆ. ಎರಕ ಒಂದೇ ಆಗಿರಲಿ. ಆ ಎರಕದೊಳಗೆ ನಿಂತ ಪಾತ್ರವನ್ನು ಪ್ರಶ್ನೆ ಕೇಳುವವರು ಯಾರು ಎಂಬುದೇ ನನ್ನ ತಕರಾರು. ದೊಡ್ಡಾಟದಲ್ಲಿ ಆ ಕೆಲಸಕ್ಕೆ ಒಬ್ಬ ಆಳಿದ್ದಾನೆ. ಕೋಟಿಗಟ್ಟಲೆ ಸುರಿದು ಮಾಡುವ ಸಿನಿಮಾಗಳು ಆ ಆಳನ್ನು ಕೆಲಸದಿಂದ ಬಿಡಿಸಿವೆ.

ಆಟ ನೋಡದವರಿಗೆ ಸ್ವಲ್ಪ ವಿವರ. ದೊಡ್ಡಾಟದ ಪ್ರಸಂಗಗಳ ಹೆಸರಲ್ಲೇ ಅರ್ಧ ಕಥೆ ಇರುತ್ತದೆ. ಕಾಳಗ ಅಂದರೆ ಕೊನೆಗೆ ಯುದ್ಧ, ಕಲ್ಯಾಣ ಅಂದರೆ ಕೊನೆಗೆ ಅಕ್ಷತೆ, ವಧೆ ಅಂದರೆ ಒಬ್ಬ ರಾಕ್ಷಸನ ಪಾಳಿ ಮುಗಿಯಿತು. ಗಣಪತಿ, ಶಾರದೆಯರ ಸ್ತುತಿ ಆದ ಮೇಲೆ ಎದುರಿಗೆ ಹಿಡಿದ ಪರದೆಯ ಹಿಂದಿನಿಂದ ಮೊದಲು ಗೆಜ್ಜೆಯ ಸಪ್ಪಳ, ಆಮೇಲೆ ಕಿರೀಟದ ತುದಿ. ಮದ್ದಳೆ ಏರುತ್ತದೆ, ಹಿಮ್ಮೇಳದವರು ಪಲ್ಲವಿಯನ್ನು ಕಿತ್ತುಕೊಂಡು ಹಾಡುತ್ತಾರೆ, ಭುಜಕೀರ್ತಿ, ಎದೆಗವಚ ಹೊತ್ತ ವೇಷ ಒಂದು ಸುತ್ತು ಹಾರಿ ಕುಣಿದು ಅಟ್ಟ ನಡುಗಿಸುತ್ತದೆ. ನಡುಗಿಸಿ ನಿಂತ ಆ ದಣಿಯ ಮುಂದೆ ಸಾದಾ ಉಡುಪಿನ ಸಾರಥಿ ಬಂದು, ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ.

ಮೂರೂ ಪ್ರಶ್ನೆ ಸಾದಾ. ಉತ್ತರ ಮಾತ್ರ ಗ್ರಂಥದ ಭಾಷೆಯಲ್ಲಿ, ಸಮಾಸಗಳ ಸರಪಳಿಯಲ್ಲಿ, ಉಸಿರು ಬಿಡದೆ ಬರುತ್ತದೆ. ದಣಿ ತನ್ನ ಕುಲ, ಬಲ, ಗೆದ್ದ ಲೋಕಗಳನ್ನು ಎಣಿಸಿ ಮುಗಿಸಿದ ಮೇಲೆ ಸಾರಥಿ ಅದನ್ನು ಊರ ಮಾತಿಗೆ ತಿರುಗಿಸುತ್ತಾನೆ. ಹಂಗಂದ್ರ ನೀವು ದೊಡ್ಡವರು ಅನ್ನೂದು ನಿಮ್ಮ ಮನ್ಯಾಗರ ಗೊತ್ತೈತೇನ್ರಿ, ಎಂಬ ಧಾಟಿಯಲ್ಲಿ. ಜನ ನಗುತ್ತಾರೆ. ಆ ನಗೆಯ ನಂತರವೂ ಪಾತ್ರ ತನ್ನ ಗತ್ತು ಕಾಯ್ದುಕೊಂಡರೆ ನಟ ಗೆದ್ದ. ಕಳೆದುಕೊಂಡರೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಅವನ ಪಾಡು ಹೇಳತೀರದು. ಅಬ್ಬರದ ಪ್ರವೇಶ ಖಳನಿಗೇ ಹೆಚ್ಚು ಒಪ್ಪುವುದರಿಂದ ಹಿರಣ್ಯಕಶಿಪುವಾಗಲಿ, ದುರ್ಯೋಧನನಾಗಲಿ ದೇವರಿಗಿಂತ ಹೆಚ್ಚು ಹೊತ್ತು ಈ ವಿಚಾರಣೆಗೆ ಸಿಗುತ್ತಾನೆ. ತಾನು ಕೆಟ್ಟವನಾದದ್ದಕ್ಕೆ ತನ್ನದೇ ಕಾರಣ ಹೇಳಿಕೊಳ್ಳುವ ಅವಕಾಶ ಅವನಿಗುಂಟು. ‘ಸ್ಟಾರ್ ವಾರ್ಸ್’ನ ಕಪ್ಪು ಉಡುಪಿನ ಡಾರ್ತ್ ವೇಡರ್ ಮೊದಲ ಸಿನಿಮಾದಲ್ಲಿ ಹೊಗೆಯೊಳಗಿಂದ ನಡೆದು ಬಂದಾಗ ನೀನು ಯಾರೆಂದು ನಿಲ್ಲಿಸಿ ಕೇಳುವ ಒಬ್ಬನೂ ಅಲ್ಲಿರಲಿಲ್ಲ. ಆ ಉತ್ತರಕ್ಕೆ ನೋಡುಗರು 1980ರ ಎರಡನೇ ಸಿನಿಮಾದವರೆಗೆ ಕಾಯಬೇಕಾಯಿತು.

ಲ್ಯೂಕಸ್‌ನಿಗೆ ಸಾರಥಿಯ ನೆನಪು ಪೂರಾ ಇರಲಿಲ್ಲವೆನ್ನಲಾಗದು. ಜಪಾನಿನ ನಿರ್ದೇಶಕ ಕುರೊಸಾವನ ‘ದಿ ಹಿಡನ್ ಫೋರ್ಟ್ರೆಸ್’ (1958) ರಾಜಕುಮಾರಿಯ ಕಥೆಯನ್ನು ಇಬ್ಬರು ಜಗಳಗಂಟ ರೈತರ ಕಣ್ಣಿನಿಂದ ಹೇಳುತ್ತದೆ. ಲ್ಯೂಕಸ್ ಅದನ್ನು ಕಲಿತು ಎರಡು ಯಂತ್ರಗಳಿಗೆ ಆ ಪಾಲು ಕೊಟ್ಟ. ಒಂದು ಬರೀ ಸಿಳ್ಳು ಹೊಡೆಯುತ್ತದೆ, ಇನ್ನೊಂದು ಗೊಣಗುತ್ತದೆ. ಎರಡೂ ಯಜಮಾನರನ್ನು ಪ್ರಶ್ನಿಸುವುದಿಲ್ಲ. ನಗಿಸುವ ಕೆಲಸ ಉಳಿಯಿತು, ಕೇಳುವ ಕೆಲಸ ಹೋಯಿತು.

ಈ ಕಳಚುವಿಕೆ ನಮ್ಮಲ್ಲೂ ನಡೆದದ್ದೇ. ಅದು ಕಂಪನಿ ನಾಟಕದಲ್ಲಿ ಆಯಿತು. ಹಾವೇರಿ ಸೀಮೆಗೆ ಕಂಪನಿ ನಾಟಕ ಹೊರಗಿನದಲ್ಲ. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಸಾಕಿದ್ದು ಸಂಗೀತದ ಜೊತೆಗೆ ನಾಟಕ ಕಂಪನಿಯ ಬಲದಿಂದಲೂ. ಕಂಪನಿಯ ಕಥೆಯ ಕಟ್ಟೋಣವನ್ನು ಪರದೆಗಳೇ ನಿರ್ಧರಿಸಿದವು. ಹಿಂದೆ ದರ್ಬಾರನ್ನೋ ಶ್ರೀಮಂತರ ಮನೆಯನ್ನೋ ಜೋಡಿಸಲು ಹೊತ್ತು ಬೇಕು. ಆ ಹೊತ್ತು ತುಂಬಲು ಮುಂದೆ ರಸ್ತೆ ಪರದೆ ಇಳಿಸಿ ಹಾಸ್ಯದವರನ್ನು ಬಿಡುತ್ತಾರೆ. ಹಾಗಾಗಿ ಒಂದು ಗಂಭೀರ ದೃಶ್ಯ, ಒಂದು ನಗೆ ದೃಶ್ಯ, ಮತ್ತೆ ಗಂಭೀರ. ಸಾರಥಿಯ ವಂಶದ ಹಾಸ್ಯಗಾರ ರಸ್ತೆಯಲ್ಲೇ ಉಳಿದ, ದರ್ಬಾರಿನೊಳಗೆ ಕಾಲಿಡುವ ಹಕ್ಕು ಕಳೆದುಕೊಂಡ. ಪಿ.ಬಿ. ಧುತ್ತರಗಿಯವರಂಥ ಗಟ್ಟಿ ನಾಟಕಕಾರರು ಹಾಸ್ಯವನ್ನು ಕಥೆಗೆ ಹೆಣೆದರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಗಿಯೂ ಗೆದ್ದದ್ದಕ್ಕೆ ಆ ಹೆಣಿಗೆಯೂ ಕಾರಣ. ಉಳಿದವರ ಕೈಯಲ್ಲಿ ರಸ್ತೆ ಸೀನು ಎರಡರ್ಥದ ಮಾತಿನ ಅಂಗಡಿಯಾಯಿತು. ಇಂದು ಜಾತ್ರೆಗಳಲ್ಲಿ ಕ್ಯಾಂಪು ಹಾಕುವ ಕಂಪನಿಗಳು ಬಹುತೇಕ ಆ ಅಂಗಡಿಯಿಂದಲೇ ಬದುಕಿವೆ. ಅವರ ಹೊಟ್ಟೆಪಾಡನ್ನು ಹೀಯಾಳಿಸಲಾರೆ, ಆದರೆ ಕಲೆಯ ಲೆಕ್ಕದಲ್ಲಿ ಇದು ನಷ್ಟವೇ.

ಮತ್ತೆ ‘ಕಲ್ಕಿ’ಗೆ ಬರೋಣ. ಈ ಸಿನಿಮಾದಲ್ಲಿ ಭೈರವನಿಗೊಂದು ಮಾತಾಡುವ ವಾಹನವಿದೆ, ಹೆಸರು ಬುಜ್ಜಿ. ಅದು ಅವನನ್ನು ಛೇಡಿಸುತ್ತದೆ, ಅವನ ಬಡಾಯಿಗೆ ಸೂಜಿ ಚುಚ್ಚುತ್ತದೆ. ಭೈರವ ಕರ್ಣನೆಂದು ತಿಳಿದ ಮೇಲೆ ಹಿಂದಿರುಗಿ ನೋಡಿ: ಕರ್ಣನ ರಥದಲ್ಲಿ ಕೂತು ಅವನನ್ನು ಹೀಗಳೆಯುತ್ತಿದ್ದವನು ಶಲ್ಯ. ಕರ್ಣಪರ್ವದ ಆಟದಲ್ಲಿ ಜನ ಕಾಯುವುದು ಬಾಣಗಳಿಗಲ್ಲ, ಶಲ್ಯ-ಕರ್ಣರ ಜಟಾಪಟಿಗೆ. ತನ್ನ ರಥ ನಡೆಸುವವನೇ ತನ್ನನ್ನು ನಂಬದಿದ್ದಾಗ ವೀರನಿಗೆ ಏನಾಗುತ್ತದೆ ಎಂಬುದು ಮಹಾಭಾರತದ ದಾರುಣ ಪ್ರಶ್ನೆಗಳಲ್ಲೊಂದು. ಕೊನೆಗೆ ಶಲ್ಯ ರಥ ಬಿಟ್ಟು ಇಳಿದು ಹೋಗುತ್ತಾನೆ. ನಾಗ್ ಅಶ್ವಿನ್ ಇದನ್ನು ತಿಳಿದೇ ಮಾಡಿದರೋ, ಕೈಗೆ ಬಂದದ್ದೋ, ಅಪ್ಪಟ ಚಿನ್ನದಂಥ ಜೋಡಿ ಅವರಿಗೆ ಸಿಕ್ಕಿತ್ತು. ಅವರು ಅದನ್ನು ನಗೆಗೆ ಖರ್ಚು ಮಾಡಿದರು. ಕರ್ಣ ಬಯಲಾದ ಕ್ಷಣದಲ್ಲಿ ಹಿನ್ನೆಲೆ ಸಂಗೀತ ಏರುತ್ತದೆ, ಚಿತ್ರಮಂದಿರ ಶಿಳ್ಳೆಯಲ್ಲಿ ಮುಳುಗುತ್ತದೆ. ಬಸಿರಿ ಹೆಂಗಸನ್ನು ಹಣಕ್ಕಾಗಿ ಬೆನ್ನಟ್ಟಿದ ನೀನು ಯಾವ ಸೀಮೆಯ ದಾನಶೂರ ಎಂದು ಕೇಳಬೇಕಾದ ಗಂಟಲು ಅಲ್ಲಿ ಇಲ್ಲ. ಅಶ್ವತ್ಥಾಮನ ಪಾತ್ರದಲ್ಲಿ ಅಮಿತಾಭ್ ಬಚ್ಚನ್ ಮಾತ್ರ ತನ್ನ ಪಾಪವನ್ನು ಮೈಮೇಲೆ ಹೊತ್ತಿದ್ದಾರೆ. ಸಿನಿಮಾದ ತೂಕವೆಲ್ಲ ಇರುವುದೂ ಅಲ್ಲೇ.

ಮುಂದಿನ ಕಾಲದ ಕಥೆ ಎಂಬ ಕಾರಣಕ್ಕೆ ಈ ಸಿನಿಮಾಗಳಿಗೆ ಮಾಫಿ ಕೇಳುವವರುಂಟು. ರಾಣೆಬೆನ್ನೂರು ತಾಲೂಕಿಗೆ ಭವಿಷ್ಯ ಹೇಳುವ ಕಲೆ ಹೊಸದೇ? ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ದಸರೆಗೆ ಗೊರವಯ್ಯ ಬಿಲ್ಲನ್ನೇರಿ ಸದ್ದು ಅಡಗಿಸಿ ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಅದು ಮಳೆಗೋ, ಬೆಳೆಗೋ, ರಾಜಕಾರಣಕ್ಕೋ ಎಂದು ಬಿಡಿಸುವ ಕೆಲಸ ನೆರೆದವರದು. ಭವಿಷ್ಯವನ್ನು ಪೂರ್ತಿ ಚಿತ್ರಿಸಿ ಕೈಗಿಡುವ ಸಿನಿಮಾಕ್ಕಿಂತ ಈ ಒಂದು ಸಾಲು ನೋಡುಗನ ಬುದ್ಧಿಯನ್ನು ಹೆಚ್ಚು ನಂಬುತ್ತದೆ.

ಎರಕದ ಮಾತು ಬಂದಾಗ ಕನಕದಾಸರನ್ನು ಬಿಡಲಾಗದು. ಅವರ ಕರ್ಮಭೂಮಿ ಕಾಗಿನೆಲೆ ಬ್ಯಾಡಗಿ ತಾಲೂಕಿನದು. ‘ರಾಮಧಾನ್ಯ ಚರಿತ್ರೆ’ಯಲ್ಲಿ ನಾಯಕ ಮನುಷ್ಯನೇ ಅಲ್ಲ, ನರೆದಲೆಗ ಎಂಬ ಧಾನ್ಯ, ಅಂದರೆ ರಾಗಿ. ಎದುರಾಳಿ ಭತ್ತ. ಜಗಳ ರಾಮನ ಸಭೆಗೆ ಹೋಗುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬಾಗಿಲು ತೆರೆದಾಗ ಭತ್ತ ಕಳೆಗುಂದಿದೆ, ರಾಗಿ ಹಾಗೇ ಇದೆ. ಕ್ಯಾಂಪ್‌ಬೆಲ್‌ನ ದಾರಿಯ ಮೆಟ್ಟಿಲುಗಳೆಲ್ಲ ಇಲ್ಲಿವೆ: ಅವಮಾನ, ಪರೀಕ್ಷೆ, ಕತ್ತಲ ಗುಹೆ, ಹೊಸ ಹೆಸರು. ಆದರೆ ಯಾರನ್ನೂ ಕೊಂದಿಲ್ಲ, ಏನೂ ಸಿಡಿದಿಲ್ಲ. ಕಾಲವನ್ನೇ ಸಾಕ್ಷಿ ಮಾಡಿ ಮೇಲು-ಕೀಳಿನ ತೀರ್ಪು ಕೊಡಿಸಿದ ಈ ಕಲ್ಪನೆ, ಬರಗಾಲ ಮತ್ತು ಬಿತ್ತನೆಬೀಜದ ಕುರಿತು ನಾಳೆ ಯಾರಾದರೂ ವಿಜ್ಞಾನ ಸಿನಿಮಾ ಮಾಡಿದರೆ ಸಿದ್ಧ ಅಡಿಪಾಯ.

ಹೀಗೆಂದು ದೊಡ್ಡಾಟವನ್ನು ತಲೆಯ ಮೇಲೆ ಹೊತ್ತು ಕುಣಿಯುವ ಉಮೇದು ನನಗಿಲ್ಲ. ಅದರ ಬಣ್ಣನೆಗಳು ಎಷ್ಟೋ ಸಲ ಬೇಸರ ಬರುವಷ್ಟು ಉದ್ದ. ಹೆಣ್ಣು ಪಾತ್ರವನ್ನು ಬಹುಕಾಲ ಗಂಡಸರೇ ಕಟ್ಟಿದ್ದರಿಂದ ದ್ರೌಪದಿ, ಚಿತ್ರಾಂಗದೆಯರು ಅಳುವುದಕ್ಕೂ ಶಪಿಸುವುದಕ್ಕೂ ಸೀಮಿತರಾದರು. ಸಾರಥಿ ಅವರನ್ನು ಕೇಳುವ ಪ್ರಶ್ನೆಯಲ್ಲೂ ಕುಚೋದ್ಯವೇ ಜಾಸ್ತಿ. ಇನ್ನೂ ಗಂಭೀರವಾದದ್ದು, ಸಾರಥಿ ಎಷ್ಟೇ ಚುಚ್ಚಿದರೂ ಕೊನೆಗೆ ಕೈಜೋಡಿಸಿ ‘ಅಪ್ಪಣೆ’ ಎನ್ನುತ್ತಾನೆ. ಅವನ ಪ್ರಶ್ನೆಯಿಂದ ಯುದ್ಧ ನಿಂತ ಪ್ರಸಂಗ ಒಂದನ್ನೂ ನಾನು ಕಂಡಿಲ್ಲ. ದಣಿಯನ್ನು ನಕ್ಕು ಹಗುರ ಮಾಡಿ, ದಣಿತನವನ್ನು ಹಾಗೇ ಉಳಿಸುವ ಜಾಣತನವೂ ಈ ಪರಂಪರೆಯಲ್ಲಿದೆ.

ಆ ಮಿತಿಯನ್ನು ದಾಟಿಸಿದವರು ಆಧುನಿಕ ನಾಟಕಕಾರರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಗೆ ಆಯ್ದುಕೊಂಡ ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ಯಲ್ಲಿ ಗೌಡನ ದಣಿತನವನ್ನು ಅಟ್ಟದ ಮೇಲೇ ಕಳಚಿದರು. ಗಿರೀಶ ಕಾರ್ನಾಡರ 1971ರ ‘ಹಯವದನ’ವನ್ನು ನಾನು ಕನ್ನಡದ ಮೊದಲ ದರ್ಜೆಯ ವಿಜ್ಞಾನ ಕಥೆಗಳ ಸಾಲಿಗೇ ಸೇರಿಸುತ್ತೇನೆ, ಜಗಳಕ್ಕೆ ಬರುವವರು ಬರಲಿ. ಕಥಾಸರಿತ್ಸಾಗರದಿಂದ ಥಾಮಸ್ ಮನ್‌ಗೆ ಹೋಗಿ ಕಾರ್ನಾಡರಿಗೆ ಬಂದ ತಲೆ-ಮುಂಡದ ಅದಲುಬದಲು, ‘ಅವತಾರ್’ (2009) ಸಿನಿಮಾದ ನಾಯಕ ಇನ್ನೊಂದು ಮೈಗೆ ಹೋಗುವುದಕ್ಕಿಂತ ಕಠಿಣವಾದ ಪ್ರಯೋಗ. ಜೇಕ್ ಸಲ್ಲಿ ಹೊಸ ಮೈಯಲ್ಲಿ ಸುಖವಾಗಿ ನೆಲೆಸಿಬಿಡುತ್ತಾನೆ. ‘ಹಯವದನ’ದಲ್ಲಿ ದೇವದತ್ತನ ತಲೆಗೆ ಸಿಕ್ಕ ಬಲಿಷ್ಠ ಮೈ ಮತ್ತೆ ಮೆತ್ತಗಾಗುತ್ತದೆ, ಕಪಿಲನ ತಲೆಗೆ ಸಿಕ್ಕ ಮೆತ್ತನೆ ಮೈ ಮತ್ತೆ ಗಟ್ಟಿಯಾಗುತ್ತದೆ; ಇಬ್ಬರ ನಡುವೆ ಸಿಕ್ಕ ಪದ್ಮಿನಿಗೆ ಎಲ್ಲೂ ನೆಲೆಯಿಲ್ಲ. ಇಷ್ಟಕ್ಕೂ ಅಲ್ಲಿ ಕೇಳುವವನೊಬ್ಬನಿದ್ದಾನೆ, ಆಟ ನಡೆಸುವ ಭಾಗವತ.

ಕನ್ನಡ ಸಿನಿಮಾದ ಹಾದಿ ಬೇರೆ. 1968ರ ‘ಜೇಡರ ಬಲೆ’ಯಲ್ಲಿ ಲೋಹವನ್ನು ಬಂಗಾರ ಮಾಡುವ ಸೂತ್ರ ಬರುತ್ತದೆ, ಆದರೆ ಅದು ಗೂಢಚಾರ 999ನ ಓಟಕ್ಕೊಂದು ನೆಪ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ಪ್ರೀತಿಸುವ ಯಂತ್ರಮಾನವನಾದರು, ರಜನಿಕಾಂತರ ‘ಎಂದಿರನ್’ಗಿಂತ ಎಂಟು ವರ್ಷ ಮೊದಲು. 2024ರ ಡಿಸೆಂಬರಿನ ‘ಯುಐ’ನಲ್ಲಿ ಅದೇ ಉಪೇಂದ್ರ ಸಾರಥಿಯ ಪಾತ್ರವನ್ನು ತಾನೇ ತೊಟ್ಟು ನೋಡುಗರನ್ನೇ ವಿಚಾರಿಸಲು ಹೊರಟರು. ಧೈರ್ಯ ಮೆಚ್ಚಬೇಕಾದದ್ದು. ಆದರೆ ಸಾರಥಿ ಕೇಳುತ್ತಾನೆ, ‘ಯುಐ’ ಉಪದೇಶಿಸುತ್ತದೆ. ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುವ ತಾಳ್ಮೆ ಅದಕ್ಕಿಲ್ಲ. ಅದೇ ವರ್ಷ ಬಂದ ಕಡಿಮೆ ಖರ್ಚಿನ ‘ಬ್ಲಿಂಕ್’ ಕಾಲದಲ್ಲಿ ಹಿಂದೆಮುಂದೆ ಓಡುವ ಹುಡುಗನನ್ನು ಅವನ ಮನೆಯ ಗಾಯದ ಎದುರಿಗೇ ತಂದು ನಿಲ್ಲಿಸುತ್ತದೆ. ನನ್ನ ಅಳತೆಯಲ್ಲಿ ಅದು ದೊಡ್ಡ ಸಿನಿಮಾ.

ಇಷ್ಟೆಲ್ಲ ಹೇಳಿದರೂ ಹೊರಗಿನ ಎರಕವನ್ನು ಎರವಲು ತರಲು ನಾಚಬೇಕಿಲ್ಲ. ವರದಾ ತುಂಗಭದ್ರೆಗೆ ಸೇರುವ ಗಳಗನಾಥದಿಂದ ಬಂದ ವೆಂಕಟೇಶ ಕುಲಕರ್ಣಿಯವರು ಮರಾಠಿ ಐತಿಹಾಸಿಕ ಕಾದಂಬರಿಗಳ ಎರಕದಲ್ಲಿ ಕನ್ನಡ ಕಾದಂಬರಿ ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿ, ಗಳಗನಾಥರೆಂದೇ ಹೆಸರಾದರು. ಹೊರಗಿನ ಎರಕ ಅವರ ಕೈಯಲ್ಲಿ ಕನ್ನಡವಾಯಿತು.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ಎರಡೂ ಸಂಸ್ಥೆಗಳು ದೊಡ್ಡಾಟವನ್ನು ಪ್ರಶಸ್ತಿ, ಮೆರವಣಿಗೆಗಳ ಆಚೆಗೆ ತಂದು, ಹಳೆಯ ಆಟದ ಮಾಸ್ತರರನ್ನು ಹೊಸ ಚಿತ್ರಕಥೆಗಾರರ ಎದುರು ಕೂಡಿಸಲಿ. ಚಿತ್ರಕಥೆಗಾರರೂ ಕ್ಯಾಂಪ್‌ಬೆಲ್‌ನ ನಕ್ಷೆ ಬಿಡಿಸುವ ಮೊದಲು ಸುಗ್ಗಿ ಮುಗಿದ ಮೇಲೆ ಹಾವೇರಿ ಕಡೆ ಬಂದು ಒಂದು ರಾತ್ರಿ ಆಟ ನೋಡಲಿ. ಊರವರೇ ಆಡುವ ಆಟಕ್ಕೆ ಟಿಕೀಟಿಲ್ಲ, ಕಂಬಳಿ ಮಾತ್ರ ಮರೆಯದೆ ತನ್ನಿ.