ಸೋತರೆ ಮನೆಗೆ

ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ, ಸೇರಿದ ಮನೆ ಬಸವನಗುಡಿ. ಎರಡು ಕಡೆಯೂ ಆಟವೆಂದರೆ ಕ್ರಿಕೆಟ್ಟು, ಅದು ಬಿಟ್ಟರೆ ಬಾಲ್ ಬ್ಯಾಡ್ಮಿಂಟನ್. ಫುಟ್‌ಬಾಲ್ ಏನಿದ್ದರೂ ದಂಡಿನ ಕಡೆಯವರದು. ಆದರೂ ನಮ್ಮಣ್ಣನಿಗೆ ಅದರ ಹುಚ್ಚು ಹಿಡಿದಿತ್ತು. ಒಂದು ಸಂಜೆ ಮೊಣಕಾಲಿಗೆಲ್ಲ ಕೆಮ್ಮಣ್ಣು ಬಳಿದುಕೊಂಡು ಬಂದ. ಯಾವುದೋ ಸಣ್ಣ ಕಪ್ಪಿನ ಪಂದ್ಯವಂತೆ.

“ಗೆದ್ಯೇನೋ?” ಎಂದರು ಅಮ್ಮ.

“ಇಲ್ಲ, ಒಂದು ಗೋಲಲ್ಲಿ ಹೋಯ್ತು.”

“ಹೋಗ್ಲಿ ಬಿಡು, ನಾಳೆ ಗೆದ್ದರಾಯ್ತು.”

“ನಾಳೆ ಇಲ್ಲಮ್ಮ. ಸೋತರೆ ಮನೆಗೆ, ಅಷ್ಟೇ.”

ಅಮ್ಮ ಒಲೆಯ ಮುಂದಿನಿಂದಲೇ, “ಇದ್ಯಾವ ಸೀಮೆ ಆಟವೋ! ಎರಡು ತಿಂಗಳಿಂದ ಒದ್ದಾಡಿದ್ದು ಒಂದು ಗಂಟೇಲಿ ಮುಗಿದೇ ಹೋಯ್ತೇ?” ಎಂದರು.

ಬಹಳ ಕಾಲ ನಾನೂ ಅಮ್ಮನ ಪಕ್ಷವೇ. ಒಂದು ಸಲ ಸೋತವರನ್ನು ಹೊರಗೆ ಹಾಕುವ ಈ ನಾಕೌಟ್ ಪದ್ಧತಿ ನಮಗೆ ಹೊಸದಲ್ಲವಲ್ಲ! ಹೆಣ್ಣು ನೋಡುವ ಶಾಸ್ತ್ರವೂ ಹೀಗೇ ಇತ್ತು. ಒಂದು ಸಂಜೆ, ಒಂದು ತಟ್ಟೆ ಉಪ್ಪಿಟ್ಟು ಕೇಸರಿಬಾತು, ಒಂದು ಹಾಡು. ಅಂದು ಗಂಟಲು ಕಟ್ಟಿದ್ದರೆ ಕಟ್ಟಿತು, ಇನ್ನೊಂದು ಸಂಜೆ ಕೇಳುವ ಹಾಗಿಲ್ಲ. “ಕಾಗದ ಬರೀತೀವಿ” ಎಂದು ಹೇಳಿ ಎದ್ದು ಹೋದರೆ ಪಂದ್ಯ ಮುಗಿದಂತೆ.

ಈಗ ಅರ್ಧ ಮನಸ್ಸು ಬದಲಾಗಿದೆ. ಮೊದಲನೆಯ ಕಾರಣ ಲೆಕ್ಕಾಚಾರ. ಹದಿನಾರು ತಂಡ ಎಂದಿಟ್ಟುಕೊಳ್ಳಿ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಬೇಕಾದರೆ 120 ಪಂದ್ಯ ಬೇಕು. ಸೋತವರು ಮನೆಗೆ ಎಂದರೆ 15ರಲ್ಲಿ ಮುಗಿಯುತ್ತದೆ. ಮೈದಾನ, ರೆಫರಿ, ಆಟಗಾರರ ಬಸ್ ಚಾರ್ಜು, ಕಾಫಿ ತಿಂಡಿ ಎಲ್ಲ ಹಾಕಿ ನೋಡಿ. ಹಣವಿಲ್ಲದವರು ಕಪ್ ನಡೆಸಬೇಕಾದರೆ ಬೇರೆ ದಾರಿ ಕಾಣುವುದಿಲ್ಲ.

ಎರಡನೆಯ ಕಾರಣ ಇನ್ನೂ ದೊಡ್ಡದು. ಲೀಗ್ ಎನ್ನುವುದು ಮೆಟ್ಟಿಲು. ಕೆಳಗಿನ ಮೆಟ್ಟಿಲವರು ಮೇಲಿನವರ ಎದುರು ನಿಲ್ಲಬೇಕಾದರೆ ವರ್ಷಗಟ್ಟಲೆ ಹತ್ತಬೇಕು. ಕಪ್ಪಿನಲ್ಲಿ ಚೀಟಿ ಎತ್ತಿದರೆ ಸಾಕು, ದೊಡ್ಡವರೂ ಚಿಕ್ಕವರೂ ಒಂದೇ ಮೈದಾನಕ್ಕೆ ಇಳಿಯಲೇಬೇಕು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಹುಡುಗರು ಐಎಫ್ಎ ಶೀಲ್ಡಿನ ಫೈನಲ್‌ನಲ್ಲಿ ಬೂಟು ತೊಟ್ಟ ಬ್ರಿಟಿಷ್ ಪಲ್ಟನ್ನಿನ ತಂಡವನ್ನು 2-1ರಲ್ಲಿ ಸೋಲಿಸಿದ್ದು ಇಂಥ ಪಂದ್ಯದಲ್ಲೇ. ಅಷ್ಟು ದೂರ ಏಕೆ? ನಮ್ಮ ಊರಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತು. 1938ರಲ್ಲಿ ಮತ್ತೆ ಗೆದ್ದಿತು. ಅದಕ್ಕೆ ಮುಂಚೆ ಆ ಕಪ್ಪು ಗೋರಾ ಸಿಪಾಯಿಗಳ ಸೊತ್ತಿನಂತೆ ಇತ್ತು.

1948ರ ಲಂಡನ್ ಒಲಿಂಪಿಕ್ಸ್ ಕೂಡ ನಾಕೌಟೇ. ಸ್ವತಂತ್ರ ಭಾರತದ ತಂಡ, ಹೆಚ್ಚಿನವರು ಬರಿಗಾಲಲ್ಲಿ, ಫ್ರಾನ್ಸ್ ಎದುರು ಆಡಿತು. ಎರಡು ಪೆನಾಲ್ಟಿ ಕೈತಪ್ಪಿತು. ಸಮಸಮ ಎನ್ನುವಾಗ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟು 2-1ರಲ್ಲಿ ಸೋತು ಬಂತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನೆನಪಿಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯ ಹೆಸರು ಮಾತ್ರ ಮಕ್ಕಳಿಗೆ ತೊಟ್ಟಿಲಿನಿಂದಲೇ ಪಾಠ. ಪೇಟೆ ಒಂದು ಕಡೆ, ದಂಡು ಒಂದು ಕಡೆ, ನಡುವೆ ಕಬ್ಬನ್ ಪಾರ್ಕು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆದರೆ ನಮ್ಮ ತಲೆಯೊಳಗಿನ ಪಾರ್ಕಿನ ಬೇಲಿಯನ್ನು ಯಾರೂ ಕಿತ್ತು ಹಾಕಲಿಲ್ಲ. ಇದು ನಮ್ಮ ಮೇಲೆಯೇ ನನ್ನ ಆಕ್ಷೇಪಣೆ.

ಇನ್ನೊಂದು ಆಕ್ಷೇಪಣೆ ಕಪ್ಪುಗಳನ್ನು ನಡೆಸುವವರ ಮೇಲೆ. 1938ರಲ್ಲಿ ಬೆಂಗಳೂರಿನಲ್ಲಿ ಸ್ಟಾಫರ್ಡ್ ಕಪ್ ಶುರುವಾಯಿತು. ಹೊರಗಿನ ದೊಡ್ಡ ತಂಡಗಳು ಬರುತ್ತಿದ್ದವು, ಊರಿನ ತಂಡಗಳಿಗೆ ಅವರೆದುರು ಕಾಲು ಪರೀಕ್ಷಿಸುವ ಅವಕಾಶ ಸಿಗುತ್ತಿತ್ತು. 1993ರ ಹೊತ್ತಿಗೆ ಅದು ನಿಂತುಹೋಯಿತು. ಮತ್ತೆ ಆಡಿಸಿದ್ದು 2023ರಲ್ಲಿ. ನಡುವೆ ಮೂವತ್ತು ವರ್ಷ! ಆ ವರ್ಷ ಹುಟ್ಟಿದ ಹುಡುಗ ಆಡುವ ವಯಸ್ಸಿಗೆ ಬಂದು, ಆಡಿ, ಎಲ್ಲೋ ಕೆಲಸಕ್ಕೂ ಸೇರಿರುತ್ತಾನೆ. ಅಣ್ಣ ಒಂದು ಗಂಟೆಯಲ್ಲಿ ಸೋತು ಬಂದ ನಿಜ, ಆ ಹುಡುಗನಿಗೆ ಊರಿನ ದೊಡ್ಡ ಕಪ್ಪಿನಲ್ಲಿ ಆ ಒಂದು ಗಂಟೆಯೂ ಇಲ್ಲ. ನಾಕೌಟ್ ಕ್ರೂರ ಎನ್ನುವವರು ಈ ಲೆಕ್ಕವನ್ನೂ ಇಡಬೇಕು.

ಹಾಗಾದರೆ ಅಮ್ಮ ಹೇಳಿದ್ದು ತಪ್ಪೇ? ಅಲ್ಲ. ಹದಿನಾರು ತಂಡಗಳಲ್ಲಿ ಎಂಟು ತಂಡ ಒಂದೇ ಪಂದ್ಯ ಆಡಿ ಗಂಟು ಕಟ್ಟುತ್ತವೆ. ಮೊದಲ ಸುತ್ತಿನಲ್ಲಿ ಸೋತ ಈ ಎಂಟಕ್ಕೇ ಇನ್ನೊಂದು ಪುಟ್ಟ ಕಪ್ ಇಟ್ಟರೆ ಹೆಚ್ಚಾಗುವುದು ಏಳೇ ಪಂದ್ಯ. ಹದಿನೈದು ಇಪ್ಪತ್ತೆರಡಾಗುತ್ತದೆ, ಎಲ್ಲರಿಗೂ ಎರಡು ಪಂದ್ಯವಂತೂ ಖಾತ್ರಿ. ನಾಲ್ಕು ಜನ ನೆಂಟರು ಹೆಚ್ಚಾಗಿ ಬಂದರೆ ಸಾರಿಗೆ ನೀರು ಬೆರೆಸಿ ಸುಧಾರಿಸುವವರು ನಾವು. ಈ ಲೆಕ್ಕ ನಮಗೆ ಕಷ್ಟವಲ್ಲ.

ಆ ಲೆಕ್ಕ ಹಾಕುವಾಗ ಹೆಣ್ಣುಮಕ್ಕಳನ್ನೂ ಸೇರಿಸಲಿ. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್‌ವರೆಗೆ ಹೋಗಿ, ಗೋಕುಲಂ ಕೇರಳ ತಂಡಕ್ಕೆ 5-0ರಲ್ಲಿ ಸೋತರು. ಐದು ಗೋಲು ಎಂದು ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಅಲ್ಲಿಯವರೆಗೆ ಹೋಗಿ ಸೋಲುವುದಕ್ಕೆ ಎಷ್ಟು ಗೆಲ್ಲಬೇಕು, ನೀವೇ ಹೇಳಿ. ನಮ್ಮ ಕಾಲದಲ್ಲಿ ನಾವು ಯಾವ ಪಂದ್ಯದಲ್ಲೂ ಸೋಲಲಿಲ್ಲ, ನಮ್ಮನ್ನು ಯಾರೂ ಆಡಲು ಕರೆಯಲೇ ಇಲ್ಲವಲ್ಲ!

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ಮೊಣಕಾಲು ತರಚಿಕೊಂಡು ಬಂದಳು. ಶಾಲೆಗಳ ಪಂದ್ಯವಂತೆ, ಮೊದಲನೆಯದರಲ್ಲೇ ಸೋತು ಬಂದಿದ್ದಾಳೆ. “ಇನ್ನು ಮುಂದಿನ ವರ್ಷವೇ ಆಂಟಿ” ಎಂದು ಮುಖ ಸಣ್ಣದು ಮಾಡಿದಳು. ಒಳಗೆ ಕರೆದು ಗಾಯ ತೊಳೆದು ಅರಿಶಿನ ಹಚ್ಚಿದೆ. ಯಾರು ಗೋಲು ಹೊಡೆದರು, ಹೇಗೆ ಹೊಡೆದರು ಎಂದು ಕೇಳಿದೆ. ಅರ್ಧ ಗಂಟೆ ಕೈಕಾಲು ಆಡಿಸುತ್ತಾ ಹೇಳಿದಳು. ಅಣ್ಣನನ್ನು ಅಂದು ನಾವು ಇಷ್ಟು ಕೇಳಿರಲಿಲ್ಲ.