ರೆಕ್ಕೆಯ ಗುರುತೂ ಎಲೆಯ ಗುರುತೂ

ಕನ್ನಡ ಕರಾವಳಿಯ ಚಿಟ್ಟೆಗಳನ್ನು ಗುರುತಿಸಬಯಸುವವರಿಗೆ ಎರಡು ಬಗೆಯ ಹಳೆಯ ಬರಹಗಳು ಇಂದಿಗೂ ದಾರಿ ತೋರಿಸುವುವು. ಒಂದು ರೆಕ್ಕೆಯನ್ನು ನೋಡಿ ಹೆಸರನ್ನು ಹೇಳುವುದು. ಇನ್ನೊಂದು ಎಲೆಯಿಂದ ಹೊರಟು ಜೀವಿಯ ಇಡೀ ಬಾಳನ್ನು ತಿಳಿಸುವುದು. ಸೇನಾಧಿಕಾರಿ ಡಬ್ಲ್ಯು. ಎಚ್. ಎವಾನ್ಸರು ೧೯೨೭ರಲ್ಲಿ ಪ್ರಕಟಿಸಿ ೧೯೩೨ರಲ್ಲಿ ಪರಿಷ್ಕರಿಸಿದ ಭಾರತೀಯ ಚಿಟ್ಟೆಗಳ ಪರಿಚಯಗ್ರಂಥವು ಮೊದಲನೆಯ ಬಗೆಗೆ ಮಾದರಿ. ಎರಡನೆಯದು ಕಾರವಾರದ ಸೀಮೆಯಲ್ಲಿಯೇ ಬೆಳೆದುದು. ಕಲೆಕ್ಟರ್ ಡೇವಿಡ್‌ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್, ಉಪ್ಪು ಸುಂಕದ ಇಲಾಖೆಯ ಇ. ಎಚ್. ಐಟ್‌ಕನ್ ಈ ಮೂವರು ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಬರೆದ ದೀರ್ಘ ಪ್ರಬಂಧವು ೧೮೯೬ರಿಂದ ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಬಂದಿತು. ಬೆಲ್ಲರು ಅದೇ ಪತ್ರಿಕೆಯಲ್ಲಿ ೧೯೦೯ರಿಂದ ೧೯೨೭ರವರೆಗೆ ಬಯಲುನಾಡಿನ ಚಿಟ್ಟೆಗಳ ಲೇಖಮಾಲೆಯನ್ನು ನಡೆಸಿದರು. ಇವೆರಡರೊಳಗೆ ಮನೆಯಂಗಳದಲ್ಲಿ ನಿಂತು ಕಲಿಯುವವನಿಗೆ ಗುರುವಾಗತಕ್ಕದ್ದು ಯಾವುದು?

ಎವಾನ್ಸರ ಗ್ರಂಥದ ಗುಣ ಮಿತಭಾಷಿತ್ವ. ನಾಡಿನ ಸಮಸ್ತ ಚಿಟ್ಟೆಗಳನ್ನೂ ಒಂದೇ ಸಂಪುಟದಲ್ಲಿ ಅಡಕಗೊಳಿಸಿ, ನರಗಳ ಕವಲು, ಪಟ್ಟೆ, ಚುಕ್ಕೆ ಇವುಗಳ ಭೇದವನ್ನು ಸೂತ್ರಪ್ರಾಯವಾಗಿ ಹೇಳಿರುವರು. ಆದರೆ ಆ ಸೂತ್ರಗಳು ಬಿಚ್ಚಿಕೊಳ್ಳಬೇಕಾದರೆ ಚಿಟ್ಟೆಯು ಸತ್ತು, ರೆಕ್ಕೆಯನ್ನು ಹರಡಿ ಕೈಯಲ್ಲಿರಬೇಕು. ಹಾರುವ ಜೀವಿಯನ್ನು ಕೇವಲ ರೆಕ್ಕೆಯ ಬಣ್ಣದಿಂದ ತಿಳಿಯಹೊರಟವನು ಮೋಸಹೋಗುವನು. ಏಕೆಂದರೆ ಮೋಸಗೊಳಿಸುವುದೇ ಕೆಲವು ರೆಕ್ಕೆಗಳ ಕೆಲಸ.

ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಹೆಣ್ಣುಗಳು ಒಂದೇ ರೂಪದವಲ್ಲ. ಒಂದು ಗಂಡನ್ನೇ ಹೋಲುವುದು. ಇನ್ನೊಂದು ಕಾಮನ್ ರೋಸಿನ ವೇಷವನ್ನೂ, ಮತ್ತೊಂದು ಕ್ರಿಮ್ಸನ್ ರೋಸಿನ ವೇಷವನ್ನೂ ಧರಿಸುವುದು. ರೋಸುಗಳ ಹುಳುಗಳು ಈಶ್ವರಬಳ್ಳಿಯ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಆ ಚಿಟ್ಟೆಗಳನ್ನು ತಿನ್ನಲು ಹಿಂಜರಿಯುವುವು. ಆ ಭಯವು ವೇಷಧಾರಿಗೆ ಕವಚವಾಗುವುದು. ರೋಸುಗಳ ಒಡಲು ಕೆಂಪು, ಮಾರ್ಮನ್ನಿನದು ಕಪ್ಪು ಎಂಬ ಗುರುತು ಉಂಟು, ನಿಜ. ಹಾರುವಾಗ ಅದನ್ನು ಕಾಣಲು ಪಳಗಿದ ಕಣ್ಣು ಬೇಕು. ಹುಳುವಿನಲ್ಲಾದರೋ ಈ ಗೊಂದಲವಿಲ್ಲ: ಮಾರ್ಮನ್ನಿನ ಹುಳು ಹಿತ್ತಲಿನ ನಿಂಬೆ, ಕರಿಬೇವುಗಳಲ್ಲಿ ಬೆಳೆಯುವುದು, ಈಶ್ವರಬಳ್ಳಿಯನ್ನು ಮುಟ್ಟದು. ಹಾಗೆಯೇ ಎಕ್ಕದ ಎಲೆಯನ್ನು ತಿಂದು ಬೆಳೆದ ಪ್ಲೇನ್ ಟೈಗರನ್ನೂ, ಗೋಣಿಸೊಪ್ಪಿನಲ್ಲಿ ಬೆಳೆದು ಅದರ ವೇಷವನ್ನು ತಾಳುವ ಡನೇಯ್ಡ್ ಎಗ್‌ಫ್ಲೈ ಹೆಣ್ಣನ್ನೂ ತಾಯಿಗಿಡವೇ ಬೇರೆ ಮಾಡಿ ತೋರಿಸುವುದು.

ಋತುವೂ ರೂಪವನ್ನು ಬದಲಿಸುವುದು. ಮುಸ್ಸಂಜೆಯಲ್ಲಿ ಹಾರುವ ಈವನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ರೆಕ್ಕೆಯ ಅಡಿಯಲ್ಲಿ ಕಣ್ಣುಚುಕ್ಕೆಗಳು ಸ್ಪಷ್ಟ. ಬೇಸಗೆಯ ಪೀಳಿಗೆಯಲ್ಲಿ ಅವು ಮಾಸಿ, ಅದು ಒಣಗಿದ ತರಗೆಲೆಯೇ ಆಗಿಬಿಡುವುದು. ಎರಡನ್ನೂ ಬೇರೆ ಜಾತಿಗಳೆಂದು ಬಗೆದರೆ ಆಶ್ಚರ್ಯವಿಲ್ಲ. ಭತ್ತದ ಗದ್ದೆಯಲ್ಲಿ ಅದರ ಹುಳುವನ್ನು ಕಂಡು ಸಾಕಿದವನಿಗೆ ಮಾತ್ರ ಅವೆರಡೂ ಒಂದೇ ಒಕ್ಕಲೆಂಬುದು ಪ್ರತ್ಯಕ್ಷವಾಗುವುದು.

ಬೆಲ್ಲರ ಹಿರಿಮೆ ಇಲ್ಲಿದೆ. ಅವರು ಹುಳುಗಳನ್ನು ಸಾಕಿ, ಕೋಶವಾಗುವುದನ್ನು ಕಾದು, ಆಹಾರದ ಗಿಡವನ್ನು ಹೆಸರಿಸಿ ಬರೆದರು. ದೋಷವಿಲ್ಲದಿಲ್ಲ: ಬರಹವು ಹಲವು ಸಂಪುಟಗಳಲ್ಲಿ ಚದರಿದೆ, ಅವಸರದಲ್ಲಿ ಒಂದು ಹೆಸರನ್ನು ಹುಡುಕುವವನಿಗೆ ಅದು ಕಾಡಿನಂತೆ. ಹುಳುವು ಕಣ್ಣಿಗೆ ಬೀಳದಾಗ, ಅಥವಾ ಹತ್ತಾರು ಜಾತಿಗಳು ಹುಲ್ಲನ್ನೇ ಮೇಯುವಾಗ, ಎಲೆಯ ಗುರುತೂ ಸಾಲದು. ಅಲ್ಲಿ ಎವಾನ್ಸರ ಸೂತ್ರವೇ ಶರಣು. ಆದುದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಡತಕ್ಕದ್ದಲ್ಲ. ಆದರೆ ಕ್ರಮವು ಮುಖ್ಯ. ಗಿಡವು ಮೊದಲು, ರೆಕ್ಕೆಯು ಅದಕ್ಕೆ ಸಾಕ್ಷಿ.

ಕನ್ನಡದ ಮಕ್ಕಳಿಗಾಗಿ ಕರಾವಳಿಯ ಚಿಟ್ಟೆಗಳ ಪುಸ್ತಕವನ್ನು ಬರೆಯುವವರು ಈ ಕ್ರಮವನ್ನು ಪಾಲಿಸುವುದು ಯುಕ್ತ. ಬಣ್ಣದ ಪಟವನ್ನು ನೋಡಿ ಹೆಸರನ್ನು ಕಲಿತ ಬಾಲಕನು ಬೇಲಿಯನ್ನು ಸವರುವಾಗ ಈಶ್ವರಬಳ್ಳಿಯನ್ನೂ ಕಳೆಯೆಂದು ಕಿತ್ತೆಸೆಯಬಹುದು. ಆಮೇಲೆ ಅವನ ಅಂಗಳಕ್ಕೆ ರೋಸುಗಳು ಏಕೆ ಬರವೆಂದು ಪಟವು ಹೇಳಲಾರದು. ಬಳ್ಳಿಯಿಂದ ಚಿಟ್ಟೆಯನ್ನು ಅರಿತವನ ಕೈ ಬೇಲಿಯ ಬಳಿ ಒಂದು ಕ್ಷಣ ತಡೆಯುವುದು. ಗುರುತಿಸುವ ವಿದ್ಯೆಗೆ ಇದಕ್ಕಿಂತ ದೊಡ್ಡ ಫಲವಿಲ್ಲ.