ಸುರಂಗ ಗಟ್ಟಿ, ಬಾಗಿಲು ಸಡಿಲ

2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಐಟಿ ಕಚೇರಿಗಳು ಖಾಲಿಯಾದವು. ಲ್ಯಾಪ್‌ಟಾಪ್ ಹೊತ್ತವರು ತಂತಮ್ಮ ಊರು ಸೇರಿದರು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದಂಥ ಊರಲ್ಲಿ ಕೂತವರಿಗೆ ಕಂಪನಿಯ ಒಳಜಾಲ ತಲುಪಲು ರೂಢಿಯಲ್ಲಿದ್ದ ಉಪಾಯ ವಿಪಿಎನ್. ಅದುವರೆಗೆ ಬಿಪಿಒ ನೌಕರರು ಮನೆಯಿಂದ ದುಡಿಯಲು ಭದ್ರತಾ ಠೇವಣಿ, ಪರವಾನಗಿ ಇರುವ ಸೇವಾದಾರರದೇ ವಿಪಿಎನ್ ಎಂಬ ಷರತ್ತುಗಳಿದ್ದವು. ದೂರಸಂಪರ್ಕ ಇಲಾಖೆ ಆ ತಿಂಗಳು ಅವನ್ನು ಸಡಿಲಿಸಿತು. ಅದು ಸರಿಯಾದ ಕ್ರಮ. ಆದರೆ ಕಂಪನಿಗಳು ತುರ್ತಿಗೆ ಹೂಡಿದ್ದನ್ನೇ ಕಾಯಂ ವ್ಯವಸ್ಥೆ ಎಂದುಕೊಂಡದ್ದು ತಪ್ಪು.

ವಿಪಿಎನ್ ಲ್ಯಾಪ್‌ಟಾಪಿನಿಂದ ಕಂಪನಿಯ ಜಾಲದ ಬಾಗಿಲಾದ ಗೇಟ್‌ವೇವರೆಗೆ ಮಾಹಿತಿಯನ್ನು ಗೂಢಲಿಪಿಯ ಸುರಂಗದಲ್ಲಿ ಸಾಗಿಸುತ್ತದೆ. ನಡುದಾರಿಯಲ್ಲಿ ಯಾರೂ ಓದಲಾರರು. ಈ ಕೆಲಸದಲ್ಲಿ ಅದನ್ನು ದೂರುವಂತಿಲ್ಲ. ತೊಂದರೆ ಇರುವುದು ತುದಿಗಳಲ್ಲಿ. ಪಾಸ್‌ವರ್ಡ್ ಸೋರಿದರೆ ಕಳ್ಳನಿಗೂ ಅದೇ ಸುರಂಗ. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯೊಳಗೆ ದಾಳಿಕೋರರು ನುಗ್ಗಿದ್ದು ಬಳಕೆ ತಪ್ಪಿದ್ದ ಒಂದು ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣವೇ ಇರಲಿಲ್ಲ. ತೈಲ ಸಾಗಣೆಯನ್ನೇ ಕೆಲದಿನ ನಿಲ್ಲಿಸಬೇಕಾಯಿತು. ಗೇಟ್‌ವೇಯಲ್ಲೇ ಲೋಪವಿದ್ದರೆ ಪಾಸ್‌ವರ್ಡೂ ಬೇಕಿಲ್ಲ. ಪಲ್ಸ್ ಸೆಕ್ಯೂರ್ ಕಂಪನಿಯ ವಿಪಿಎನ್ ಸಾಧನಗಳಲ್ಲಿ 2019ರಲ್ಲಿ, ಆ ಕಂಪನಿಯನ್ನು ಕೊಂಡ ಇವಾಂಟಿಯ ಸಾಧನಗಳಲ್ಲಿ 2024ರಲ್ಲಿ ಇಂಥ ಲೋಪಗಳು ಬಯಲಾದವು.

ಬಳಕೆದಾರರು ಹೆಚ್ಚಿದಾಗಿನ ಪಾಡು ಬೇರೆ. ಪ್ರವಾಸದಲ್ಲಿರುವ ಕೆಲವರಿಗೆಂದು ಕೊಂಡ ಗೇಟ್‌ವೇಗೆ ಇಡೀ ಕಚೇರಿ ಮುಗಿಬಿದ್ದರೆ ಗೂಢಲಿಪಿ ಬಿಡಿಸುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ವಿಡಿಯೊ ಸಭೆಯೂ ಬೆಂಗಳೂರು ಸುತ್ತಿಯೇ ಇಂಟರ್‌ನೆಟ್ ಸೇರಬೇಕು. ಹೊರಗಿನ ಸಂಚಾರವನ್ನು ನೇರವಾಗಿ ಬಿಟ್ಟರೆ ಭಾರ ಇಳಿಯುತ್ತದೆ, ಜೊತೆಗೆ ಕಂಪನಿಯ ಕಣ್ಗಾವಲೂ ಸಡಿಲವಾಗುತ್ತದೆ.

2020ರ ಅದೇ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನಲ್‌ನೊಳಗೆ ಬಂದ ವೈರ್‌ಗಾರ್ಡ್ ಎಂಬ ವಿಪಿಎನ್ ಒಳ್ಳೆಯ ಸುಧಾರಣೆ. ಸುಮಾರು 4,000 ಸಾಲಿನ ಕೋಡ್, ಹಾಗಾಗಿ ಪರಿಶೀಲನೆ ಸುಲಭ. ನೆಟ್‌ವರ್ಕ್ ಬದಲಾದರೂ ಸಂಪರ್ಕ ಕಡಿಯದು. ಆದರೆ ಕೀಲಿ ಯಾರಿಗೆ ಕೊಡಬೇಕು, ಕೆಲಸ ಬಿಟ್ಟವರ ಕೀಲಿ ಯಾವಾಗ ರದ್ದಾಗಬೇಕು ಎಂಬುದನ್ನು ಅದು ನೋಡಿಕೊಳ್ಳುವುದಿಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದು ಏಳು ಸುತ್ತಿನ ಕೋಟೆ. ನಮ್ಮ ಕಂಪನಿಗಳು ಹೊರಸುತ್ತಿನ ಒಂದೇ ಬಾಗಿಲು ಕಾಯುತ್ತ ಒಳಗೆ ಬಯಲು ಬಿಟ್ಟಿವೆ. ಗೂಗಲ್‌ನ ಬಿಯಾಂಡ್‌ಕಾರ್ಪ್ ಭದ್ರತಾ ಮಾದರಿ, ಅಮೆರಿಕದ ನಿಸ್ಟ್ ಸಂಸ್ಥೆಯ 2020ರ ಝೀರೊ ಟ್ರಸ್ಟ್ ಮಾರ್ಗಸೂಚಿ, ಎರಡೂ ಪ್ರತಿ ಸುತ್ತಿನಲ್ಲೂ ಗುರುತು ಕೇಳಿ ಎನ್ನುತ್ತವೆ. ವಿಪಿಎನ್ ಇರಲಿ, ಅದರ ಮೇಲಿನ ಕುರುಡು ನಂಬಿಕೆ ಬೇಡ. ಎರಡು ಹಂತದ ದೃಢೀಕರಣ, ತಡವಿಲ್ಲದ ಅಪ್‌ಡೇಟ್, ಕೆಲಸ ಬಿಟ್ಟ ದಿನವೇ ಖಾತೆ ರದ್ದು: ಈ ಮೂರೂ ಇಲ್ಲದ ಕಂಪನಿ ವಿಪಿಎನ್‌ಗೆ ಎಷ್ಟು ಹಣ ಸುರಿದರೂ ವ್ಯರ್ಥ.